ಕಿವಿಯೊಳಗಿನ ಅರವತ್ತಾರು

ಹೋದ ತಿಂಗಳು ನಮ್ಮ ಚಿಮಣಿಯನ್ನು ಕರೆದುಕೊಂಡು ಬೆಳಗಾವಿಗೆ ಹೋಗಿದ್ದೆ. ಚಿಮಣಿ ಎಂದರೆ ದೀಪವಲ್ಲ. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನನ್ನ ಚೀಲದ ಮೇಲೆ ಬಂದು ಮಲಗಿ, ಏನು ಮಾಡಿದರೂ ಏಳಲೊಲ್ಲೆ ಎಂದು ಹಟ ಹಿಡಿದ ಒಂದು ಹೆಣ್ಣು ನಾಯಿಮರಿ. ಕೊನೆಗೆ ಚೀಲದ ಜೊತೆ ಅದೂ ಮನೆಗೆ ಬಂತು. ಬೆಳಗಾವಿಯ ಪ್ರಾಣಿವೈದ್ಯೆ ನನ್ನ ಮಗಳ ವಯಸ್ಸಿನವಳು. ಒಂದು ದಪ್ಪ ಸೂಜಿಯನ್ನು ಬೆಳಕಿಗೆ ಹಿಡಿದು, "ಇದರಾಗ ಅಕ್ಕಿಕಾಳಿನಷ್ಟ ಒಂದ ಚಿಪ್ ಐತ್ರಿ. ಹೆಗಲಿನ ಚರ್ಮದ ಕೆಳಗ ಹೋಗಿ ಕುಂದರತೈತಿ. ನಾಳೆ ಇದು ಎಲ್ಲೆರ ಕಳದ್ರ, ಸಿಕ್ಕವರು ದವಾಖಾನಿಗೆ ಒಯ್ದ್ರಂದ್ರ, ಈ ಮಷೀನ್ ಹಿಡದ ಕೂಡಲೇ ನಂಬರ ಕಾಣಸ್ತೈತಿ" ಎಂದಳು. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಚಿಮಣಿಯ ಹೆಗಲನ್ನು ಒರೆಸಿದಳು.

ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಬೆಳಗಾವಿಯಲ್ಲಿ ಉಳಿಯಲಿಲ್ಲ. ಬೈಲಹೊಂಗಲದ ನಮ್ಮ ಮನೆಯ ಒಳಕೋಣೆಯಲ್ಲಿದ್ದೆ. ಕಿಟಕಿಯ ಸರಳು ಹಿಡಿದುಕೊಂಡು, ಪಡಸಾಲೆಯಲ್ಲಿ ನಿಂತಿದ್ದ ನಾಯಿಯೊಂದನ್ನು ದೂರದಿಂದ ನೋಡುತ್ತ, ಅದು ನನ್ನನ್ನು ನೋಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ನಾನು ರಾಮದುರ್ಗದ ಹುಡುಗಿ. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನನಗೆ ಇಪ್ಪತ್ತಮೂರು. ನನಗೆ ನಾಯಿ ಎಂದರೆ ಭಯ. ಸಣ್ಣವಳಿದ್ದಾಗ ಕಚ್ಚಿತ್ತು ಎಂದು ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಯಾವ ನಾಯಿಯೂ ನನ್ನನ್ನು ಕಚ್ಚಿರಲಿಲ್ಲ. ಸುಮ್ಮನೆ ಭಯ. ನಾಯಿ ಮಲಗಿದ ಓಣಿ ತಪ್ಪಿಸಲು ಊರೆಲ್ಲ ಸುತ್ತಿ ಶಾಲೆಗೆ ಹೋಗುತ್ತಿದ್ದವಳು ನಾನು. ಅಂಥವಳನ್ನು ತಂದು ದನದ ಡಾಕ್ಟರ ಮನೆಗೆ ಕೊಟ್ಟರು. "ದನದ ಡಾಕ್ಟರ ಅಂದ್ರ ದನಾ ನೋಡತಾರವಾ, ನಾಯಿ ಎಲ್ಲಿಂದ ಬರತಾವು?" ಎಂದು ಅವ್ವ ಸಮಾಧಾನ ಹೇಳಿ ಕಳಿಸಿದ್ದಳು. ಬಂದ ಮೂರನೆಯ ದಿನ ಪಡಸಾಲೆಯಲ್ಲಿ ನಾಲ್ಕು ನಾಯಿಗಳಿದ್ದವು.

ನನ್ನ ಮಾವ ಸರಕಾರಿ ನೌಕರಿಯಿಂದ ನಿವೃತ್ತರಾಗಿ ಮನೆಯ ಪಡಸಾಲೆಯಲ್ಲೇ ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯವರು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ. ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಇಡೀ ದಿನ ಮನೆಯಲ್ಲಿ ಮಾವ ಮತ್ತು ನಾನು. ಆಗಿನ ಕಾಲದ ಸೊಸೆಗೆ ಮಾವನ ಜೊತೆ ಎಷ್ಟು ಮಾತು ಇರುತ್ತಿತ್ತು? "ಊಟಕ್ಕ ಏಳ್ರಿ ಮಾವಾರ", "ಚಾ ಇಟ್ಟೇನ್ರಿ", ಇಷ್ಟೇ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಳ್ಳುವುದರಲ್ಲೇ ಅರ್ಧ ಮಾತು ಮುಗಿದಿರುತ್ತಿತ್ತು.

ಮಾವನ ಕೈಗೆ ಒಂದು ವಿಚಿತ್ರ ಗುಣವಿತ್ತು. ಸೂಜಿ ಹಿಡಿದರೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು, ಪೆನ್ನು ಹಿಡಿದರೆ ನಡುಗುತ್ತಿತ್ತು. ಒಂದು ದಿನ ಒಂದು ದಪ್ಪ ರಿಜಿಸ್ಟರನ್ನು ನನ್ನ ಮುಂದಿಟ್ಟು, "ತಂಗಿ, ನಿನ್ನ ಅಕ್ಷರ ಚಲೋ ಅದಾವಂತ. ಇದನ್ನ ನೀ ಬರೀಬೇಕು" ಎಂದರು. ಹುಚ್ಚುನಾಯಿ ರೋಗ ಬಾರದಂತೆ ಸೂಜಿ ಹಾಕಿಸಿಕೊಂಡ ಪ್ರತಿ ನಾಯಿಗೂ ಒಂದು ನಂಬರು. ಆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಅದರ ಕೊರಳಿಗೆ. ಅದೇ ನಂಬರಿನ ಮುಂದೆ ರಿಜಿಸ್ಟರಿನಲ್ಲಿ ನಾಯಿಯ ಹೆಸರು, ಸಾಕಿದವರ ಹೆಸರು, ಓಣಿ, ಸೂಜಿ ಹಾಕಿದ ದಿನ, ಗುರುತು. ಯಾಕೆ ಇದೆಲ್ಲ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ಅವರೇ ಹೇಳಿದರು.

"ನಾ ಸರ್ವಿಸಿನ್ಯಾಗ ಇದ್ದಾಗ ಒಂದ ಹಳ್ಳ್ಯಾಗ ನಾಯಿಗೆ ಹುಚ್ಚ ಹಿಡದೈತಿ ಅಂತ ಕರಿಯಾಕ ಬಂದ್ರು. ನಾ ಹೋಗೂದ್ರಾಗ ಬಡದ ಹಾಕಿದ್ರವಾ. ಹೊಳ್ಳಿಸಿ ನೋಡತೇನಿ, ನಾನ ತಿಂಗಳ ಹಿಂದ ಸೂಜಿ ಹಾಕಿದ ನಾಯಿ. ಬಾಜೂ ಊರಿಂದು, ದಾರಿ ತಪ್ಪಿ ಬಂದಿತ್ತು. ಹೇಳಾಕ ಅದಕ್ಕ ಬಾಯಿಲ್ಲ, ತೋರಸಾಕ ಗುರುತಿಲ್ಲ."

ಇಷ್ಟು ಹೇಳಿ ಚಾ ಕುಡಿಯದೇ ಎದ್ದು ಹೋದರು. ಅಂದಿನಿಂದ ನಾನು ನಾಯಿಗಳ ಕಾರಕೂನಳಾದೆ. ನಮ್ಮ ಮನೆಯವರು ಆ ರಿಜಿಸ್ಟರಿಗೆ "ನಾಯಿಗಳ ಮತದಾರರ ಪಟ್ಟಿ" ಎಂದು ಹೆಸರಿಟ್ಟರು.

ಮತದಾರರ ಪಟ್ಟಿಯಲ್ಲಿ ಒಂದೇ ಹೆಸರು ಬಹಳ. ಬೈಲಹೊಂಗಲದಲ್ಲಿ ಹುಟ್ಟಿದ ಗಂಡು ನಾಯಿ ಒಂದೋ ರಾಜಾ, ಇಲ್ಲವೇ ಟೈಗರ್, ಇಲ್ಲವೇ ಮೋತ್ಯಾ. ಆದ್ದರಿಂದ ಗುರುತಿನ ಕಾಲಂ ಬಹಳ ಮುಖ್ಯ ಎಂದು ಮಾವ ಹೇಳಿದ್ದರು. ನಾನಾದರೋ ನಾಯಿ ಬಂದಾಗ ಹೊರಗೆ ಕಾಲಿಡುತ್ತಿರಲಿಲ್ಲ. ಒಳಕೋಣೆಯ ಕಿಟಕಿಯಿಂದ ಕಂಡಷ್ಟನ್ನೇ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಮಾವ ಕನ್ನಡಕ ಏರಿಸಿ ರಿಜಿಸ್ಟರು ತಿರುವಿ ಹಾಕಿದರು.

"ಕಂದು. ಬಾಲ ಇದೆ. ಸಿಟ್ಟು ಬಹಳ," ಎಂದು ಓದಿದರು. ಇನ್ನೊಂದು ಹಾಳೆ ತಿರುಗಿಸಿದರು. "ಕಂದು. ಬಾಲ ಇದೆ." ಮತ್ತೊಂದು. "ಕಂದು. ಬಾಲ ಇದೆ." ತಲೆಯೆತ್ತಿ ಕೇಳಿದರು: "ತಂಗಿ, ಬಾಲ ಇಲ್ಲದ್ದು ಯಾವದರ ಬಂದಿತ್ತೇನು?"

"ಇಲ್ರಿ ಮಾವಾರ."

"ಮತ್ತ ಹೊರಗ ಬಂದ ನೋಡಿ ಬರಿಯವಾ."

"ಹಂಚಿನ ಮ್ಯಾಲ ರೊಟ್ಟಿ ಐತ್ರಿ" ಎಂದು ನಾನು ಒಳಗೆ ಓಡಿದೆ. ಒಲೆಯನ್ನೇ ಹೊತ್ತಿಸಿರಲಿಲ್ಲ. ಅವರಿಗೂ ಅದು ಗೊತ್ತಿತ್ತು ಅನಿಸುತ್ತದೆ, ನಗೆ ಕೇಳಿಸಿತು.

ಬಿಲ್ಲೆಗಳ ಕಥೆ ಬಹಳ ದಿನ ನಡೆಯಲಿಲ್ಲ. ಕೊರಳಪಟ್ಟಿ ಹರಿದು ಬೀಳುತ್ತಿತ್ತು. ಮಕ್ಕಳು ಬಿಚ್ಚಿಕೊಂಡು ಆಡುತ್ತಿದ್ದರು. ಹನ್ನೆರಡನೇ ನಂಬರಿನ ಬಿಲ್ಲೆ ಒಂದು ಆಡಿನ ಕೊರಳಲ್ಲಿ ಕಂಡಿತು. ಮೂವತ್ತನೆಯದು ಒಬ್ಬರ ಮೋಟಾರ್‌ಸೈಕಲ್ಲಿನ ಕೀಲಿಗೆ ಜೋತುಬಿದ್ದು ನಮ್ಮ ಮನೆ ಮುಂದೆಯೇ ಹಾದುಹೋಯಿತು. ಮಾವ ಅದನ್ನು ನೋಡುತ್ತ ನಿಂತಿದ್ದರು.

ಇಂಥ ಹೊತ್ತಿಗೆ ಬಂದವಳು ದುರ್ಗವ್ವ. ಸುಗ್ಗಿ ಮುಗಿದ ಮೇಲೆ ಓಣಿ ಓಣಿ ತಿರುಗಿ ಹೆಣ್ಣುಮಕ್ಕಳಿಗೆ ಹಚ್ಚೆ ಹಾಕುವ ಹೆಂಗಸು. ಮೊದಲು ಕೈಸೂಜಿಯಿಂದ ಚುಚ್ಚುತ್ತಿದ್ದಳಂತೆ. ಆಗ ಬ್ಯಾಟರಿ ಸೆಲ್ಲಿನ ಸಣ್ಣ ಮಷೀನು ಬಂದಿತ್ತು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಮುಂಗೈಗೆ ಒಂದು ನಕ್ಷತ್ರ ಹಾಕಿಸಿಕೊಳ್ಳುತ್ತಿದ್ದೆ. ನೋವಿಗೆ ಕಣ್ಣು ಮುಚ್ಚಿದ್ದವಳು ತೆರೆದು ನೋಡಿದರೆ ಮಾವ ಬಾಗಿಲಲ್ಲಿ ನಿಂತು ಆ ಮಷೀನನ್ನೇ ದಿಟ್ಟಿಸುತ್ತಿದ್ದಾರೆ.

"ದುರ್ಗವ್ವಾ, ಇದು ನಾಯಿ ಕಿವ್ಯಾಗ ಬರತೈತೇನು?"

ದುರ್ಗವ್ವ ಮಷೀನು ನಿಲ್ಲಿಸಿದಳು. "ಏನ ಕೇಳಾಕತ್ತೀರಿ ಸಾಹೇಬ್ರ? ನಾ ಹೆಣ್ಮಕ್ಕಳಿಗೆ ಗಂಡನ ಹೆಸರ ಹಾಕಾಕಿ. ನಾಯಿಗೆ ಯಾರ ಹೆಸರ ಹಾಕ್ಲಿ?"

"ಹೆಸರ ಬ್ಯಾಡ. ನಂಬರ ಹಾಕು. ಅದಕ್ಕ ನೋವಾಗದಂಗ ಮರಗಟ್ಟೂ ಔಷಧ ನಾ ಕೊಡತೇನಿ, ಹಿಡಕೊಳ್ಳೂದೂ ನನ್ನ ಕೆಲಸ."

"ನನಗ ಅಕ್ಷರ ಬರೂದಿಲ್ರಿ."

"ನನ್ನ ಸೊಸಿ ಬರದ ಕೊಡತಾಳ, ನೀ ನೋಡಿ ತಿದ್ದು."

ದುರ್ಗವ್ವ ನನ್ನ ಮುಖ ನೋಡಿದಳು. "ಹಂಗಾದ್ರ ಅಕ್ಕಾರ ಹೆಂಗ ಬರೀತಾರ ಹಂಗ ಬರೀತೇನಿ. ಡೊಂಕ ಬರದ್ರ ಡೊಂಕ. ಆಮ್ಯಾಲ ನನಗ ಅನಬ್ಯಾಡ್ರಿ."

ಅಂಕಿಗಳು ಕನ್ನಡದಲ್ಲೇ ಇರಬೇಕೆಂದು ಮಾವನ ಹಟ. ನಮ್ಮ ಮನೆಯವರು, ಇಂಗ್ಲಿಷ್ ಅಂಕಿಯಾದರೆ ಎಲ್ಲರಿಗೂ ತಿಳಿಯುತ್ತದಲ್ಲ ಎಂದದ್ದಕ್ಕೆ, "ಇಲ್ಲಿ ನಾಯಿ ಕನ್ನಡದಾಗ ಬೊಗಳತಾವ, ನಂಬರ ಯಾಕ ಇಂಗ್ಲಿಷಿನ್ಯಾಗ?" ಎಂದು ಬಾಯಿ ಮುಚ್ಚಿಸಿದರು. ಈ ಹಟ ಮುಂದೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಹೇಳುತ್ತೇನೆ. ಕನ್ನಡದ ಆರು ಮತ್ತು ಒಂಬತ್ತು ಬಲು ಹತ್ತಿರದ ನಂಟರು. ಬಾಲ ಯಾವ ಕಡೆ ಹೊರಳಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದರ ಮೇಲೆ ನನ್ನ ಆರಕ್ಕೆ ಇನ್ನೊಂದು ಐಬು. ಬಾಲದ ತುದಿಗೆ ಬೇಡದ ಒಂದು ಸುರುಳಿ ಸುತ್ತುತ್ತಿದ್ದೆ. ರಾಮದುರ್ಗದ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ಅದಕ್ಕಾಗಿ ಬೆರಳಿನ ಗಿಣ್ಣಿಗೆ ಎಷ್ಟು ಸಲ ಹೊಡೆದರೂ ಹೋಗಿರಲಿಲ್ಲ.

ಹಚ್ಚೆ ಹಾಕಿಸಿಕೊಂಡ ಮೊದಲ ನಾಯಿ ಅರವತ್ತಾರನೆಯ ನಂಬರಿನದು. ನೀಲವ್ವನ ಮೋತ್ಯಾ. ನೀಲವ್ವ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಅವಳು ಹೊಲಿದ ಕೌದಿಗೆ ಸವದತ್ತಿಯಿಂದಲೂ ಜನ ಬರುತ್ತಿದ್ದರು. ಆದರೆ ಬಂದವರು ಬಾಗಿಲು ಎಷ್ಟು ಬಡಿದರೂ ಅವಳಿಗೆ ಕೇಳುತ್ತಿರಲಿಲ್ಲ. ಹರೆಯದಲ್ಲಿ ವಿಷಮಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಬಾಗಿಲಿಗೆ ಯಾರೋ ಬಂದರು ಎಂದು ಹೇಳುತ್ತಿದ್ದವನು ಮೋತ್ಯಾ. ಅವಳ ಸೆರಗನ್ನು ಹಲ್ಲಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತಿದ್ದ. ಹಾಲು ಉಕ್ಕಿದರೂ ಜಗ್ಗುತ್ತಿದ್ದ. ಹಾಗಾಗಿ ಅವಳ ಎಲ್ಲ ಸೀರೆಗಳ ಸೆರಗಿಗೂ ಒಂದೇ ಜಾಗದಲ್ಲಿ ಸಣ್ಣ ತೂತುಗಳಿರುತ್ತಿದ್ದವು, ಅವಕ್ಕೂ ಕೌದಿಯ ಹಾಗೆ ತೇಪೆ.

ಅಂದು ನೀಲವ್ವ ಮೋತ್ಯಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ಕೇಳದವರು ಮಾತಾಡುವ ದೊಡ್ಡ ದನಿಯಲ್ಲಿ, "ನನ್ನ ಕಿವಿ ಅಂತೂ ಹೋಗ್ಯಾವು. ಇವನ ಕಿವಿ ಜ್ವಾಕಿ ಮಾಡ್ರಿ ಡಾಕ್ಟರ" ಎಂದಳು. ನಾನು ಕಿಟಕಿಯ ಸರಳಿನ ಸಂದಿಯಿಂದ ಚೀಟಿ ಚಾಚಿದೆ. ದುರ್ಗವ್ವ ನನ್ನ ಎರಡು ಆರುಗಳನ್ನು ಸುರುಳಿಯ ಸಮೇತ ಮೋತ್ಯಾನ ಬಲಗಿವಿಯ ಒಳಮೈಗೆ ಇಳಿಸಿದಳು. ಆಮೇಲೆ ನಾನು ರಿಜಿಸ್ಟರಿನಲ್ಲಿ ಬರೆದೆ: ಕಂದು. ಬಾಲ ಇದೆ.

ಇದಾಗಿ ಎರಡು ವರ್ಷ ಕಳೆದಿರಬೇಕು. ಕಬ್ಬಿನ ಹಂಗಾಮು. ಬೈಲಹೊಂಗಲದಿಂದ ಕಾರ್ಖಾನೆಗೆ ಹಗಲೂ ರಾತ್ರಿ ಟ್ರ್ಯಾಕ್ಟರುಗಳು. ಬೆಳಗಿನ ಹತ್ತರ ಸುಮಾರಿಗೆ ಫೋನು ಬಡಿಯಿತು. ನಮ್ಮ ಮನೆಯವರು.

"ಇಲ್ಲೆ ಫ್ಯಾಕ್ಟರಿ ಆಚೆ ಹಳ್ಳ್ಯಾಗ ಒಂದ ನಾಯಿ ನಿನ್ನೆ ಸಂಜೀಕ ಒಂದ ಹುಡುಗಿಗೆ ಕಚ್ಚೈತಿ. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಹುಚ್ಚನಾಯಿ ಅಂತ ಕಟ್ಟಿ ಹಾಕ್ಯಾರ, ಹೊಡ್ಯಾಕ ನಿಂತಾರ. ನಮ್ಮ ಸಿಪಾಯಿ ಆ ಊರಾಂವ. ಅದರ ಕಿವ್ಯಾಗ ಹಸರ ಬರವಣಿಗಿ ಐತಿ ಅಂದ. ನಿಮ್ಮ ಪೈಕಿನ ಇರಬೇಕು."

"ನಂಬರ ಎಷ್ಟ ಅಂತ?"

"ಅದ ನೋಡು. ಒಬ್ಬ ಅರವತ್ತಾರ ಅಂತಾನ, ಒಬ್ಬ ತೊಂಬತ್ತೊಂಬತ್ತ ಅಂತಾನ. ಅಪ್ಪಾರು ಬರೂತನಾ ತಡೀರಿ ಅಂತ ಹೇಳಿ ಕಳಸೇನಿ."

ಮಾವ ರಿಜಿಸ್ಟರು ತೆಗೆಸಿದರು. ಅರವತ್ತಾರು: ಮೋತ್ಯಾ, ನೀಲವ್ವ, ಸೂಜಿ ಹಾಕಿ ಏಳು ತಿಂಗಳು. ತೊಂಬತ್ತೊಂಬತ್ತು: ಟೈಗರ್, ಸಾಕಿದವರು ಸೊಲ್ಲಾಪುರಕ್ಕೆ ಹೋಗಿಬಿಟ್ಟಿದ್ದರು, ನಾಯಿಯನ್ನು ಒಯ್ದರೋ ಬಿಟ್ಟರೋ ತಿಳಿಯದು, ವರ್ಷದ ಸೂಜಿಗೆ ಬಂದಿರಲಿಲ್ಲ. ಒಂದು ನಾಯಿಯಾದರೆ ಹೆದರುವ ಕಾರಣ ಕಡಿಮೆ, ಇನ್ನೊಂದಾದರೆ ಹೆಚ್ಚು. ಮಾವ ಎರಡೂ ಕಡೆ ಗುರುತಿನ ಕಾಲಮ್ಮಿನ ಮೇಲೆ ಬೆರಳಿಟ್ಟರು. ಕಂದು, ಬಾಲ ಇದೆ. ಕಂದು, ಬಾಲ ಇದೆ. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷ ಕಿಟಕಿಯ ಹಿಂದೆಯೇ ನಿಂತ ನನ್ನ ಭಯಕ್ಕೆ ಈಗ ಯಾವುದೋ ಊರಿನಲ್ಲಿ ಒಂದು ನಾಯಿ ಜೀವ ಕೊಡಬೇಕಾಗಿತ್ತು.

ನೀಲವ್ವನ ಮನೆಗೆ ಓಡಿದೆ. ಬೀಗ. ಪಕ್ಕದ ಮನೆಯವಳು ಹೇಳಿದಳು: "ತಂಗೀ ಮಗೀಗೆ ಹೆಸರಿಡೂದೈತಿ ಅಂತ ಸಿರಸಂಗಿಗೆ ಹೋಗ್ಯಾಳ್ರಿ, ಇನ್ನ ಮೂರ ದಿನ ಬರೂದಿಲ್ಲ. ಮೋತ್ಯಾಗ ರೊಟ್ಟಿ ಹಾಕು ಅಂದಿದ್ಲು. ನಿನ್ನೆಯಿಂದ ಅಂವ ಕಂಡಿಲ್ರಿ." ಓಣಿಯ ಬಾಯಲ್ಲಿ, ಕಾರ್ಖಾನೆಯ ಆಚೆಯ ಹೊಲಗಳಿಗೂ ಕಬ್ಬು ತರಲು ಹೋಗುವ ಖಾಲಿ ಟ್ರೇಲರುಗಳು ನಿಂತಿದ್ದವು. ನೀಲವ್ವನನ್ನು ಹುಡುಕಿ ಸುಸ್ತಾಗಿ ಅವುಗಳಲ್ಲೊಂದರಲ್ಲಿ ಮಲಗಿದ್ದನೋ ಏನೋ. ಇದು ನನ್ನ ಊಹೆ ಅಷ್ಟೇ. ಬಡಿಗೆ ಹಿಡಿದು ನಿಂತವರಿಗೆ ಊಹೆ ಸಾಲುವುದಿಲ್ಲ.

"ನೀನೂ ನಡಿ" ಎಂದರು ಮಾವ.

ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಮೂರು ಸೀಟು ಹಿಂದೆ, ರಿಜಿಸ್ಟರನ್ನು ಕೂಸಿನ ಹಾಗೆ ಅಪ್ಪಿಕೊಂಡು. ಸಿಪಾಯಿ ಕಾರ್ಖಾನೆಯ ಮುಂದೆ ಕಾದಿದ್ದು ನಮ್ಮನ್ನು ಹಳ್ಳಿಗೆ ಕರೆದೊಯ್ದ. ಬೇವಿನ ಗಿಡದ ಬುಡಕ್ಕೆ ದಪ್ಪ ಹಗ್ಗದಿಂದ ನಾಯಿಯನ್ನು ಕಟ್ಟಿದ್ದರು. ಮೈಯೆಲ್ಲ ಮಸಿ, ಕೆಸರು. ಯಾವ ಬಣ್ಣವೆಂದು ಹೇಳುವುದೇ ಕಷ್ಟ. ಬಾಯಂಚಿನಲ್ಲಿ ಜೊಲ್ಲು. ಹತ್ತು ಮಾರು ದೂರದಲ್ಲಿ ಜನ. ಎಲ್ಲರಿಗಿಂತ ಮುಂದೆ ಬಡಿಗೆ ಹಿಡಿದು ನಿಂತವನು ಹುಡುಗಿಯ ಅಪ್ಪ, ಶಿವಪ್ಪ. ಅವನ ಎಂಟು ವರ್ಷದ ಮಗಳು ಗಂಗಾಳನ್ನು ಆಸ್ಪತ್ರೆಗೆ ಒಯ್ದು, ಗಾಯ ತೊಳೆದು, ಮೊದಲ ಸೂಜಿ ಹಾಕಿದ್ದರು. ಆ ದಿನಗಳ ಸೂಜಿ ನಿಮಗೆ ನೆನಪಿರಬಹುದು: ಹೊಟ್ಟೆಗೆ, ದಿನಕ್ಕೊಂದರಂತೆ ಹದಿನಾಲ್ಕು.

"ಡಾಕ್ಟರ, ನೀವು ನಾಯಿ ಉಳಸಾಕ ಬಂದೀರಿ" ಎಂದ ಶಿವಪ್ಪ. ಅವನ ಕಣ್ಣು ಕೆಂಪಗಿದ್ದವು. "ನನ್ನ ಮಗಳನ್ನ ಉಳಸಾವ್ರು ಯಾರು?"

"ನಿನ್ನ ಮಗಳ ಸಲುವಾಗಿನ ಬಂದೇನಪಾ. ಇದು ಈಗ ಸತ್ರ, ಇದಕ್ಕ ಹುಚ್ಚ ಹಿಡದಿತ್ತೋ ಇಲ್ಲೋ ಯಾರಿಗೂ ತಿಳ್ಯಾಂಗಿಲ್ಲ. ಆ ಕೂಸ ಹದಿನಾಲ್ಕೂ ಸೂಜಿ ತಿನಬೇಕು, ಮ್ಯಾಲ ನೀವು ತಿಂಗಳಗಟ್ಲೆ ಹೆದರಕೋತ ಕುಂದರಬೇಕು. ಇದನ್ನ ಬದುಕಿಸಿಟ್ಟ ನೋಡಿದ್ರ ಹತ್ತ ದಿನದಾಗ ಗೊತ್ತಾಗತೈತಿ."

"ಯಾರ ನಾಯಿ ಅಂತ ಗೊತ್ತಿಲ್ಲ. ಹತ್ತ ದಿನ ಕಟಗೊಂಡ ಯಾರ ಕುಂದರತಾರ್ರಿ?"

"ಯಾರ ನಾಯಿ ಅನ್ನೂದ ಅದರ ಕಿವ್ಯಾಗ ಬರದೈತಿ" ಎಂದು ಮಾವ ನಾಯಿಯ ಹತ್ತಿರ ಹೋದರು. ಮಾತಾಡುತ್ತಲೇ, ಅವಸರವಿಲ್ಲದೆ, ಅಗಲವಾದ ಪಟ್ಟಿಯಿಂದ ಅದರ ಮೂತಿ ಕಟ್ಟಿದರು. ಕುತ್ತಿಗೆಯನ್ನು ತಮ್ಮ ಕಂಕುಳಲ್ಲಿ ಒತ್ತಿ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಬಾ. ನನ್ನ ಕಣ್ಣಿಗೆ ಇಷ್ಟ ಸಣ್ಣದ ಕಾಣೂದಿಲ್ಲ. ಬರದಾಕಿ ನೀನು" ಎಂದರು.

"ಮಾವಾರ, ನನಗ ಆಗೂದಿಲ್ರಿ" ಎಂದೆ. ಅಷ್ಟು ಜನರ ಮುಂದೆ.

"ಗೊತ್ತೈತಿ. ಕಿಟಕ್ಯಾಗಿಂದ ಬರದದ್ದೂ ಗೊತ್ತೈತಿ" ಎಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಈಗ ಹತ್ತರ ಬಾ. ನಾ ಹಿಡದೇನಿ."

ಹೇಗೆ ಹೋದೆನೋ ತಿಳಿಯದು. ಮೊಣಕಾಲೂರಿ ಕೂತೆ. ನಾಯಿ ನಡುಗುತ್ತಿತ್ತು. ಅದು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ, ಬರೀ ಗಾಬರಿ. ನನ್ನ ಭಯ ಎಷ್ಟೋ ವರ್ಷದ್ದು, ಅದರದು ಒಂದು ದಿನದ್ದು. ಆದರೆ ಅದರ ಭಯಕ್ಕೆ ಕಾರಣವಿತ್ತು. ಬಲಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿದೆ. ಬೆಚ್ಚಗಿತ್ತು, ತೊಳೆದು ತೊಳೆದು ಮೆತ್ತಗಾದ ಹಳೆಯ ರೇಷ್ಮೆ ಸೆರಗಿನಂತೆ. ಉಗುಳು ಹಚ್ಚಿ ಮಸಿ ಒರೆಸಿದೆ. ಹಸಿರು ಗೆರೆ ಮೂಡಿತು. ಎರಡು ಅಂಕಿ, ಎರಡಕ್ಕೂ ಬಾಲದ ತುದಿಯಲ್ಲಿ ಬೇಡದ ಸುರುಳಿ.

"ಅರವತ್ತಾರು! ಮೋತ್ಯಾ ಇದು ಮಾವಾರ, ನಮ್ಮ ಮೋತ್ಯಾ!" ಎಂದು ಕೂಗಿದೆ. ಸೆರಗು ತಲೆಯಿಂದ ಯಾವಾಗ ಜಾರಿತ್ತೋ. ಹೆಸರು ಕೇಳಿದ ಮೋತ್ಯಾನ ಬಾಲ ಒಂದೇ ಒಂದು ಸಲ ನೆಲಕ್ಕೆ ಬಡಿಯಿತು.

ಶಿವಪ್ಪ ಒಪ್ಪಲಿಲ್ಲ. "ನೀವ ಹೇಳಿದ್ರ ಆತೇನ್ರಿ? ನನಗ ತೋರಸ್ರಿ" ಎಂದ. ರಿಜಿಸ್ಟರು ತೆರೆದು ಕೊಟ್ಟೆ. ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಪುಸ್ತಕದ ಅರವತ್ತಾರನ್ನು ನೋಡಿದ, ಕಿವಿಯದನ್ನು ನೋಡಿದ, ಮತ್ತೆ ಪುಸ್ತಕ. ಹಾಳೆ ತಿರುವಿ ತೊಂಬತ್ತೊಂಬತ್ತನ್ನೂ ನೋಡಿದ. ಅದಕ್ಕೆ ಸುರುಳಿ ಇರಲಿಲ್ಲ.

"ಎರಡೂ ಒಂದ ಕೈ ಬರದದ್ದು" ಎಂದ ಕೊನೆಗೆ. "ನೀವ ಏನ್ರಿ ಬರದವರು?"

"ಹೌದ್ರಿ."

"ಸೂಜಿ ಖರೇನ ಆಗೇತೇನ್ರಿ ಇದಕ್ಕ?"

"ನೋಡ್ರಿ, ಸೂಜಿ ಹಾಕಿದ ದಿನ ಬರದೈತಿ. ಆ ದಿನ ನಾನ ಬರದೇನಿ."

ಅವನು ಬಡಿಗೆಯನ್ನು ಗಿಡಕ್ಕೆ ಒರಗಿಸಿ ಎದ್ದ. ಮುಖ ಬೇರೆ ಕಡೆ ತಿರುಗಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮಾವ ಅಷ್ಟರಲ್ಲಿ ಮೋತ್ಯಾನ ಹಿಂಗಾಲು ಎತ್ತಿ ನೋಡುತ್ತಿದ್ದರು. ಎರಡು ಬೆರಳು ಜಜ್ಜಿಹೋಗಿದ್ದವು, ಟ್ರೇಲರಿನಿಂದ ಜಿಗಿಯುವಾಗ ಸಿಕ್ಕಿಬಿದ್ದಿರಬೇಕು. ಗಂಗಾ ಆಡುತ್ತ ಬಂದು ಅದೇ ಕಾಲನ್ನು ತುಳಿದಿದ್ದಳು. ಜೊಲ್ಲು ಬಾಯಾರಿಕೆಯದು, ಕಟ್ಟಿ ಹಾಕಿದ ಮೇಲೆ ಹತ್ತಿರ ಹೋಗಿ ಯಾರೂ ನೀರಿಟ್ಟಿರಲಿಲ್ಲ. ಆದರೂ ಮಾವ, "ಇದು ನೆಟ್ಟಗ ಕಾಣತೈತಿ, ಆದ್ರ ಹತ್ತ ದಿನ ನೋಡದ ನಾ ಮಾತ ಕೊಡೂದಿಲ್ಲ" ಎಂದರು. ಕೈಯಲ್ಲಿ ಸೂಜಿಯ ಬದಲು ಪೆನ್ನು ಹಿಡಿದು, ನಡುಗುತ್ತಲೇ, ನಾಯಿಗೆ ಲಸಿಕೆ ಹಾಕಿದ ದಿನ ಬರೆದು ಸಹಿ ಮಾಡಿ, ಆಸ್ಪತ್ರೆಯಲ್ಲಿ ತೋರಿಸಲು ಶಿವಪ್ಪನಿಗೆ ಚೀಟಿ ಕೊಟ್ಟರು.

ಮೋತ್ಯಾ ಬಂದ ದಾರಿಯಲ್ಲೇ ಹೋದ. ಕಬ್ಬು ಇಳಿಸಿ ಬೈಲಹೊಂಗಲಕ್ಕೆ ಮರಳುತ್ತಿದ್ದ ಟ್ರ್ಯಾಕ್ಟರಿನ ಖಾಲಿ ಟ್ರೇಲರಿನಲ್ಲಿ ಅವನು, ಮಾವ, ನಾನು. ಕುಲುಕಾಟಕ್ಕೆ ಮೂವರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಮೂರು ಸೀಟಿನ ಅಂತರ ಅಲ್ಲಿ ಎಲ್ಲಿಂದ ಬರಬೇಕು? ಮಾವ ನಗುತ್ತಿದ್ದರು, ನಾನೂ.

ಹತ್ತು ದಿನ ಮೋತ್ಯಾ ನಮ್ಮ ಹಿತ್ತಲಲ್ಲಿ ಸರಪಳಿಯಲ್ಲಿದ್ದ. ನೀರು, ರೊಟ್ಟಿ ಕೊಡುವ ಕೆಲಸ ನನ್ನದಾಯಿತು. ಮೊದಲ ದಿನ ಉದ್ದನೆಯ ಕೋಲಿನಿಂದ ತಟ್ಟೆ ತಳ್ಳಿದೆ. ಮೂರನೆಯ ದಿನ ಕೋಲು ಬಿಟ್ಟೆ. ನಾಲ್ಕನೆಯ ದಿನ ನೀಲವ್ವ ಸಿರಸಂಗಿಯಿಂದ ಬಂದವಳು ಸುದ್ದಿ ತಿಳಿದು ಚಪ್ಪಲಿಯಿಲ್ಲದೆ ಓಡಿಬಂದಳು. ಮುಟ್ಟಬಾರದು, ದೂರ ಕೂಡು ಎಂದು ಮಾವ ಕೈಸನ್ನೆಯಲ್ಲಿ ಹೇಳಿದರು. ಮೋತ್ಯಾ ಸರಪಳಿ ಎಷ್ಟು ಬರುತ್ತದೋ ಅಷ್ಟೂ ಎಳೆದು ನಿಂತು ಗಾಳಿಯಲ್ಲೇ ಅವಳ ಸೆರಗು ಜಗ್ಗುವಂತೆ ಬಾಯಾಡಿಸಿದ. ನೀಲವ್ವ ಅಂದಿನಿಂದ ದಿನವೂ ಕೌದಿಯ ಗಂಟು ತಂದು ಹಿತ್ತಲ ಕಟ್ಟೆಯ ಮೇಲೆ ಕೂತು, ಅವನನ್ನು ನೋಡುತ್ತ ಹೊಲಿದಳು.

ಶಿವಪ್ಪ ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು ನೋಡಿ ಹೋಗುತ್ತಿದ್ದ. "ನೀರ ಕುಡೀತೈತೇನ್ರಿ?" ಎಂಬುದೊಂದೇ ಅವನ ಪ್ರಶ್ನೆ. ನಾನು ಅವನ ಎದುರಿಗೇ ನೀರಿಡುತ್ತಿದ್ದೆ, ಮೋತ್ಯಾ ಚಪ್ಪರಿಸಿ ಕುಡಿಯುತ್ತಿದ್ದ, ಅವನು ಉಸಿರು ಬಿಡುತ್ತಿದ್ದ. ಮಾವನ ಚೀಟಿ ನೋಡಿ, ನಾಯಿ ನೆಟ್ಟಗಿರುವ ಸುದ್ದಿ ಕೇಳಿ, ಆಸ್ಪತ್ರೆಯಲ್ಲಿ ಐದನೆಯ ಸೂಜಿಗೆ ತಡೆದರು. ನಾಯಿಗೆ ಏನಾದರೂ ಕಂಡರೆ ಮತ್ತೆ ಶುರು ಎಂದು ಹೇಳಿದ್ದರು. ಮತ್ತೆ ಶುರುಮಾಡುವ ಪ್ರಸಂಗ ಬರಲಿಲ್ಲ.

ಹತ್ತು ದಿನ ತುಂಬಿದ ಮರುದಿನ ಶಿವಪ್ಪ ಗಂಗಾಳನ್ನೂ ಕರೆದುಕೊಂಡು ಬಂದ. ಅವಳು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಬಾಗಿಲಲ್ಲಿ ನಿಲ್ಲುವವರ ಕಷ್ಟ ನನಗೆ ಗೊತ್ತು. ಮೋತ್ಯಾನ ಪಕ್ಕ ಕೂತು ಅವನ ಕಿವಿ ಹೊರಳಿಸಿ ಹಿಡಿದೆ. ಎಷ್ಟೋ ಹೊತ್ತಿನ ಮೇಲೆ ಅವಳೇ ಎರಡು ಹೆಜ್ಜೆ ಬಂದು, ಕುತ್ತಿಗೆ ಚಾಚಿ, ಶಾಲೆಯಲ್ಲಿ ಮಗ್ಗಿ ಹೇಳುವ ರಾಗದಲ್ಲಿ "ಅರವತ್ತಾರು" ಎಂದು ಓದಿದಳು. ಆಮೇಲೆ ನನ್ನನ್ನು ಕೇಳಿದಳು: "ಅಕ್ಕಾರ, ಇದರ ಆರಕ್ಕ ಯಾಕ ಎರಡೆರಡ ಬಾಲ?"

ನೀಲವ್ವ ಸರಪಳಿ ಬಿಚ್ಚಿದಳು. ಮೋತ್ಯಾ ಅವಳ ಸೆರಗು ಹಿಡಿದು ಎಷ್ಟು ಜಗ್ಗಿದನೆಂದರೆ ಅವಳು ಕೂತೇ ಬಿಟ್ಟಳು.

ಆಮೇಲಿನ ಮಾತು ಉದ್ದವಿಲ್ಲ. ನಾನು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಮನೆ ಮನೆಗೆ ಹೋಗಿ, ಒಂದೊಂದು ನಾಯಿಯ ಹತ್ತಿರ ಕೂತು, ಗುರುತಿನ ಕಾಲಮ್ಮನ್ನು ಹೊಸದಾಗಿ ಬರೆದೆ. ಎಡಗಣ್ಣಿನ ಮೇಲೆ ಬಿಳಿ ಚುಕ್ಕೆ. ಬಾಲದ ತುದಿ ಕಪ್ಪು. ಮುಂಗಾಲಿಗೆ ಹಳೆಯ ಗಾಯ. ಮಳೆಗೆ ಹೆದರುತ್ತದೆ. ಕೊನೆಯದನ್ನು ನೋಡಿ ಮಾವ, "ಇದೂ ಗುರುತೇನು?" ಎಂದು ಕೇಳಿದರು, ಅಳಿಸು ಎನ್ನಲಿಲ್ಲ. ಶಿವಪ್ಪನ ಊರಿನವರು ದುರ್ಗವ್ವನನ್ನು ಕರೆಸಿಕೊಂಡರು. ಅಲ್ಲಿಂದ ಚಚಡಿಗೆ, ಕಿತ್ತೂರಿನ ಕಡೆಗೆ ಅವಳ ಮಷೀನು ತಿರುಗಿತು. "ಈಗ ಹೆಣ್ಮಕ್ಕಳಿಗಿಂತ ನಾಯಿಗಳ ನನಗ ಬಾಳ ಗುರತ ಅದಾವ್ರಿ" ಎನ್ನುತ್ತಿದ್ದಳು. ಮೋತ್ಯಾ ಮುದುಕನಾಗಿ, ನೀಲವ್ವನ ಕೌದಿಯ ಮೇಲೇ ಕಣ್ಣು ಮುಚ್ಚಿದ. ಎರಡು ಸಾವಿರದ ಮೊದಲ ವರ್ಷಗಳಲ್ಲಿ ಮಾವ ಹೋದರು. ಹೋಗುವ ಕೆಲವು ದಿನ ಮೊದಲು ನನ್ನನ್ನು ಹತ್ತಿರ ಕೂಡಿಸಿಕೊಂಡು, "ನೀ ಅವತ್ತ ಬರಲಿಲ್ಲಂದ್ರ ನಾ ಏನ ಮಾಡತಿದ್ನೋ ಏನೋ" ಎಂದರು. ಅವರು ಹಾಗೆಂದರೆಂದು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಬೆಳಗಾವಿಯಲ್ಲಿ ಚಿಮಣಿಗೆ ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ. ವೈದ್ಯೆ ಮಷೀನು ಹಿಡಿದಳು, ಹದಿನೈದು ಅಂಕಿಗಳು ಸಾಲಾಗಿ ಬೆಳಗಿದವು. ನಾನು ಒಂದೊಂದನ್ನೂ ಓದಿದೆ. ಯಾರ ಕೈಬರಹವೂ ಅಲ್ಲ. ತಪ್ಪಿ ಓದಲು ಆಗದಷ್ಟು ಚೊಕ್ಕ. ಒಳ್ಳೆಯದೇ ಆಯಿತು ಎನಿಸಿತು. ಅವಳು ಕಂಪ್ಯೂಟರಿನಲ್ಲಿ ನನ್ನ ಫೋನ್ ನಂಬರು ಬರೆದುಕೊಂಡು, "ಚಿಪ್ಪಿನ್ಯಾಗ ನಂಬರ ಅಷ್ಟ ಇರತೈತ್ರಿ ಮೇಡಮ್. ಅದನ್ನ ನೋಡಿ ಯಾರೋ ನಿಮಗ ಫೋನ್ ಮಾಡತಾರ. ಬಾಳ ಮಂದಿ ಗೊತ್ತಿಲ್ಲದ ನಂಬರ ಅಂತ ಎತ್ತೂದ ಇಲ್ರಿ" ಎಂದಳು.

ನಾನೂ ಆ ಬಹಳ ಮಂದಿಯಲ್ಲಿ ಒಬ್ಬಳಾಗಿದ್ದೆ. ಮೊನ್ನೆ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಚಿಮಣಿ ನನ್ನ ಕಾಲ ಬಳಿಯೇ ಮಲಗಿತ್ತು. ಆದರೂ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಎತ್ತಿದೆ. ಆ ಕಡೆ ಯಾರೋ ವಯಸ್ಸಾದವರು, ಬಸ್ಸಿನ ಗದ್ದಲದ ನಡುವೆ, ಈಗಷ್ಟೇ ಬೈಲಹೊಂಗಲಕ್ಕೆ ಬಂದಿಳಿದಿದ್ದೇನೆ ಎಂದು, ಯಾರದೋ ಹೆಸರು ಹೇಳಿ ಅವರ ಮನೆಯೇ ಎಂದು ಕೇಳಿದರು. ಅಲ್ಲವೆಂದೆ. "ತಪ್ಪಾತ್ರಿ ತಾಯಿ, ಇಡತೇನಿ" ಎಂದರು. ಆ ದನಿಯಲ್ಲಿ ಸೋತ ಭಾವವಿತ್ತು.

"ಇಡಬ್ಯಾಡ್ರಿ, ತಡೀರಿ" ಎಂದೆ ನಾನು. "ನೀವೀಗ ಎಲ್ಲಿ ನಿಂತೀರಿ? ಅವರು ಯಾವ ಓಣ್ಯಾಗ ಇರತಾರಂತ ಹೇಳ್ಯಾರ? ಹೇಳ್ರಿ, ನಾ ಹುಡಕತೇನಿ."